ಸಮುದಾಯ ಕಾರ್ಯಾಗಾರಗಳಲ್ಲಿ ಗ್ಯಾಸ್ ಹೀಟರ್

ಹಲವರು ಚಂದಾ ಹಾಕಿ ಕೂಡಿ ನಡೆಸುವ ಮರಗೆಲಸ, ಲೋಹಗೆಲಸ ಮತ್ತು ಎಲೆಕ್ಟ್ರಾನಿಕ್ಸ್ ಕಾರ್ಯಾಗಾರಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ನೈಸರ್ಗಿಕ ಅನಿಲವನ್ನೋ ಎಲ್‌ಪಿಜಿಯನ್ನೋ ಉರಿಸುವ ಸಾಧನಗಳು. ಬ್ರಿಟನ್, ಜರ್ಮನಿ, ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಾದ ದಕ್ಷಿಣ ಭಾಗಗಳಲ್ಲಿ ಇವುಗಳ ಬಳಕೆ ಹೆಚ್ಚು. ಮನೆಯ ಹೀಟರಿಗೂ ಇವಕ್ಕೂ ಯಂತ್ರರಚನೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಅವು ಉರಿಯುವ ಜಾಗದಲ್ಲಿ. ಮರದ ಪುಡಿ ಹಾರುವ, ಥಿನ್ನರ್ ಆವಿಯಾಗುವ, ದೊಡ್ಡ ಫ್ಯಾನುಗಳು ಗಾಳಿಯನ್ನು ಹೊರಗೆಳೆಯುವ, ಕೆಲಸ ಮಾಡುವವರು ಗಂಟೆಗೊಮ್ಮೆ ಬದಲಾಗುವ ಜಾಗವದು. ಮನೆಯಲ್ಲಿ ಸುರಕ್ಷಿತವೆನಿಸಿದ ಹೀಟರ್ ಇಲ್ಲಿ ಅಪಾಯಕಾರಿ ಆಗುವುದು ಈ ಕಾರಣಗಳಿಂದಲೇ.

ಇಂಥ ಕಾರ್ಯಾಗಾರಗಳ ಇತಿಹಾಸ ತೀರ ಹಳೆಯದಲ್ಲ. ಬರ್ಲಿನ್‌ನ ಸಿ-ಬೇಸ್ 1995ರಲ್ಲಿ ಹುಟ್ಟಿತು. ನಿವೃತ್ತ ಗಂಡಸರು ಒಟ್ಟಿಗೆ ಕೂತು ಕೈಗೆಲಸ ಮಾಡುವ 'ಮೆನ್ಸ್ ಶೆಡ್' ಚಳವಳಿ 1990ರ ದಶಕದ ಆಸ್ಟ್ರೇಲಿಯಾದಲ್ಲಿ ಬೇರುಬಿಟ್ಟು ಮುಂದೆ ಬ್ರಿಟನ್, ಐರ್ಲೆಂಡ್‌ಗಳಿಗೆ ಹರಡಿತು. ಲಂಡನ್ ಹ್ಯಾಕ್‌ಸ್ಪೇಸ್ ಮತ್ತು ಶಿಕಾಗೋದ ಪಂಪಿಂಗ್ ಸ್ಟೇಷನ್: ಒನ್ 2009ರವು. ಇಂಥ ಬಹುಪಾಲು ಕಾರ್ಯಾಗಾರಗಳು ಕಡಿಮೆ ಬಾಡಿಗೆಗೆ ಸಿಗುವ ಹಳೆಯ ಗೋದಾಮು, ಮುಚ್ಚಿದ ಕಾರ್ಖಾನೆ, ರೈಲ್ವೆ ಸೇತುವೆಯ ಕಮಾನಿನಡಿಯ ಜಾಗ, ತಗಡಿನ ಶೆಡ್ಡುಗಳಲ್ಲಿ ನಡೆಯುತ್ತವೆ. ಎತ್ತರದ ಚಾವಣಿ, ಸಂದುಬಿಟ್ಟ ಬಾಗಿಲು, ಶಾಖ ಹಿಡಿದಿಡದ ಗೋಡೆ ಈ ಕಟ್ಟಡಗಳ ಲಕ್ಷಣ. ಜನವರಿಯಲ್ಲಿ ಶಿಕಾಗೋದ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಸುಮಾರು ನಾಲ್ಕು ಡಿಗ್ರಿ ಕೆಳಗೆ. ಅಂಥ ಚಳಿಯಲ್ಲಿ ಉಳಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಲು ಬೆರಳು ಬಗ್ಗುವುದಿಲ್ಲ. ಹಿಡಿತ ತಪ್ಪಿದ ಕೈ ಗರಗಸದ ಹತ್ತಿರ ಇರಬಾರದು. ಹಾಗಾಗಿ ಹೀಟರನ್ನು ಬರಿಯ ಸುಖಸಾಧನವೆಂದು ಎಣಿಸುವುದು ತಪ್ಪು. ಬ್ರಿಟನ್ನಿನ ಕೆಲಸದ ಸ್ಥಳಗಳ ಸಂಹಿತೆ ಒಳಾಂಗಣದಲ್ಲಿ ಕನಿಷ್ಠ 16 ಡಿಗ್ರಿ ಸೆಲ್ಸಿಯಸ್, ಮೈ ಬಗ್ಗಿಸಿ ದುಡಿಯುವ ಕೆಲಸಕ್ಕೆ 13 ಡಿಗ್ರಿ ಇರಬೇಕೆನ್ನುತ್ತದೆ. ಬೆಂಗಳೂರಿನಲ್ಲಿ ಜನವರಿಯ ರಾತ್ರಿಗಳ ಸರಾಸರಿ ಕನಿಷ್ಠ ಉಷ್ಣಾಂಶವೇ ಸುಮಾರು 16. ಹಲಸೂರು ಮೆಟ್ರೋ ನಿಲ್ದಾಣದಲ್ಲಿ ನೆಲೆ ಕಂಡ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್‌ನಂಥ ನಮ್ಮ ಊರಿನ ಕಾರ್ಯಾಗಾರಗಳಿಗೆ ಈ ತಲೆನೋವು ಇಲ್ಲದಿರುವುದು ಆ ಹವೆಯ ಕೃಪೆಯಿಂದ.

ಚಳಿ ಮನುಷ್ಯರನ್ನಷ್ಟೇ ಕಾಡುವುದಿಲ್ಲ. ಮರಗೆಲಸದ ಬಿಳಿ ಅಂಟು ಹತ್ತು ಡಿಗ್ರಿಗಿಂತ ಕೆಳಗೆ ಸರಿಯಾಗಿ ಪೊರೆಗಟ್ಟದೆ ಸುಣ್ಣದಂತೆ ಪುಡಿಯಾಗುತ್ತದೆ, ಕೂಡಿಸಿದ ಸಂದು ಬಿಟ್ಟುಕೊಳ್ಳುತ್ತದೆ. ಎಪಾಕ್ಸಿ ಗಟ್ಟಿಯಾಗಲು ದಿನಗಟ್ಟಲೆ ಹಿಡಿಯುತ್ತದೆ. ನೀರಿನ ಪೇಂಟು ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಮೊದಲಿನಂತಾಗದು. ಯಾರೂ ಇಲ್ಲದ ರಾತ್ರಿಗಳಲ್ಲೂ ಒಳಗೆ ಐದು ಡಿಗ್ರಿಯಾದರೂ ಉಳಿಸಿಕೊಳ್ಳುವ ರೂಢಿ ಬಂದಿರುವುದು ಇದಕ್ಕೆ, ಜೊತೆಗೆ ನೀರಿನ ಕೊಳವೆಗಳು ಒಡೆಯದಿರಲಿ ಎಂಬುದಕ್ಕೆ.

ಉರಿಸುವ ಅನಿಲ

ಊರಿನ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಲ್ಲಿ ಮುಖ್ಯವಾಗಿ ಇರುವುದು ಮೀಥೇನ್. ಇದು ಗಾಳಿಗಿಂತ ಹಗುರ. ಸೋರಿದರೆ ಚಾವಣಿಯತ್ತ ಏರುತ್ತದೆ. ಸಿಲಿಂಡರಿನಲ್ಲಿ ಬರುವ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಇವು ಸೋರಿದರೆ ನೆಲದ ಮೇಲೆ ಹರಿದು ಚರಂಡಿ, ನೆಲಮಾಳಿಗೆ, ಕಾರು ರಿಪೇರಿಯ ಗುಂಡಿಗಳಲ್ಲಿ ನಿಲ್ಲುತ್ತವೆ. ಸೋರಿಕೆ ಪತ್ತೆಯ ಉಪಕರಣವನ್ನು ಎಲ್ಲಿ ಹಾಕಬೇಕೆಂಬುದು ಈ ಒಂದು ಗುಣದ ಮೇಲೆ ನಿಂತಿದೆ: ಮೀಥೇನಿಗೆ ಮೇಲೆ, ಎಲ್‌ಪಿಜಿಗೆ ನೆಲದ ಹತ್ತಿರ. ಗಾಳಿಯಲ್ಲಿ ಪ್ರೊಪೇನ್ ಶೇಕಡ 2ರಷ್ಟು ಬೆರೆತರೆ ಸಾಕು, ಕಿಡಿ ಸೋಕಿದೊಡನೆ ಹೊತ್ತಿಕೊಳ್ಳುತ್ತದೆ. ಮೀಥೇನಿಗೆ ಶೇಕಡ 5 ಬೇಕು.

ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ. ಹಾಗಾಗಿ ಹಿಮ ಬೀಳುವ ಊರಿನಲ್ಲಿ ಬ್ಯೂಟೇನ್ ಸಿಲಿಂಡರನ್ನು ಹೊರಗಿಟ್ಟರೆ ಒಳಗಿನ ದ್ರವ ಆವಿಯಾಗದೆ ಹೀಟರ್ ಆರುತ್ತದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ನೀಲಿ ಸಿಲಿಂಡರಿನಲ್ಲಿ ಬ್ಯೂಟೇನ್, ಕೆಂಪು ಸಿಲಿಂಡರಿನಲ್ಲಿ ಪ್ರೊಪೇನ್ ಬರುತ್ತದೆ. ನಮ್ಮ ಅಡುಗೆಮನೆಯ 14.2 ಕೆಜಿ ಸಿಲಿಂಡರಿನಲ್ಲಿರುವುದು ಇವೆರಡರ ಮಿಶ್ರಣ. ನಮ್ಮ ಬಯಲುಸೀಮೆಯ ಹವೆಗೆ ಅದು ಸಾಲುತ್ತದೆ. ಪ್ರೊಪೇನಿಗೂ ಒಂದು ಮಿತಿಯುಂಟು. ದ್ರವ ಆವಿಯಾಗಲು ಬೇಕಾದ ಶಾಖ ಸಿಲಿಂಡರಿನ ಮೈಯಿಂದಲೇ ಬರಬೇಕು. ದೊಡ್ಡ ಹೀಟರಿಗೆ ಸಣ್ಣ ಸಿಲಿಂಡರ್ ಜೋಡಿಸಿದರೆ ಅದರ ಮೈ ತಣ್ಣಗಾಗಿ ಬಿಳಿ ಹಿಮ ಕಟ್ಟಿ, ಒತ್ತಡ ಇಳಿದು, ಜ್ವಾಲೆ ಸೊರಗುತ್ತದೆ. ಆಗ ಕೆಲವರು ಸಿಲಿಂಡರನ್ನು ಹೀಟರಿನ ಮುಂದೆಯೇ ಸರಿಸಿಡುತ್ತಾರೆ. ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ. 20 ಡಿಗ್ರಿಯಲ್ಲಿ ಪ್ರೊಪೇನಿನ ಆವಿಯ ಒತ್ತಡ ವಾತಾವರಣದ ಒತ್ತಡಕ್ಕಿಂತ ಎಂಟು ಪಟ್ಟಿಗೂ ಹೆಚ್ಚು, 40 ಡಿಗ್ರಿಯಲ್ಲಿ ಹದಿಮೂರು ಪಟ್ಟು ಮೀರುತ್ತದೆ, ದ್ರವವೂ ಹಿಗ್ಗುತ್ತದೆ. ಸಿಲಿಂಡರಿಗೆ ಶೇಕಡ 80ರ ಸುತ್ತಮುತ್ತ ಮಾತ್ರ ದ್ರವ ತುಂಬಿ ಮೇಲೆ ಜಾಗ ಬಿಡುವುದು ಈ ಹಿಗ್ಗುವಿಕೆಗಾಗಿ. ಸರಿಯಾದ ದಾರಿ ದೊಡ್ಡ ಸಿಲಿಂಡರ್ ತರುವುದು, ಇಲ್ಲವೇ ಎರಡು ಮೂರನ್ನು ಒಂದೇ ಕೊಳವೆಗೆ ಜೋಡಿಸಿ ಹೊರೆ ಹಂಚುವುದು.

ಒಂದು ಘನ ಮೀಟರ್ ಪ್ರೊಪೇನ್ ಅನಿಲದಲ್ಲಿ ನೈಸರ್ಗಿಕ ಅನಿಲಕ್ಕಿಂತ ಸುಮಾರು ಎರಡೂವರೆ ಪಟ್ಟು ಶಾಖವಿದೆ. ಒಂದಕ್ಕೆಂದು ಕೊರೆದ, ಅನಿಲ ಚಿಮ್ಮುವ ಜೆಟ್‌ನಲ್ಲಿ ಇನ್ನೊಂದನ್ನು ಉರಿಸಬಾರದೆಂಬ ನಿಯಮದ ಹಿನ್ನೆಲೆ ಇದು. ನೈಸರ್ಗಿಕ ಅನಿಲದ ಹೀಟರಿಗೆ ಪ್ರೊಪೇನ್ ಕೊಟ್ಟರೆ ಜ್ವಾಲೆ ಉದ್ದವಾಗಿ ಹಳದಿಯಾಗಿ ಮಸಿ ಕಾರುತ್ತದೆ. ಸೆಕೆಂಡ್‌ಹ್ಯಾಂಡ್ ಹೀಟರ್ ದಾನವಾಗಿ ಬರುವುದು ಸಮುದಾಯ ಕಾರ್ಯಾಗಾರಗಳಲ್ಲಿ ಸಾಮಾನ್ಯ. ಅದರ ಮೈಮೇಲಿನ ತಗಡಿನ ಚೀಟಿಯಲ್ಲಿ ಯಾವ ಅನಿಲ, ಎಷ್ಟು ಒತ್ತಡ ಎಂದು ಬರೆದಿದೆಯೋ ಅದನ್ನು ಓದುವುದು ಮೊದಲ ಕೆಲಸ. ಚೀಟಿ ಕಿತ್ತುಹೋಗಿದ್ದರೆ ಅಂಥ ದಾನವನ್ನು ಸ್ವೀಕರಿಸದಿರುವುದೇ ಒಳಿತು.

ಹೀಟರಿನ ಬಗೆಗಳು

ಬಹುಪಾಲು ಗ್ಯಾಸ್ ಹೀಟರುಗಳ ಹಿಂದೆ ನಿಂತಿರುವುದು ಅನಿಲವನ್ನು ಉರಿಯುವ ಮೊದಲೇ ಗಾಳಿಯೊಂದಿಗೆ ಬೆರೆಸುವ ತತ್ತ್ವ. 1855ರ ಸುಮಾರಿಗೆ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬುನ್ಸೆನ್ ಮತ್ತು ಉಪಕರಣ ತಯಾರಕ ಪೀಟರ್ ಡೆಸಾಗಾ ರೂಪಿಸಿದ ಬರ್ನರ್ ಮಸಿಯಿಲ್ಲದ ನೀಲಿ ಜ್ವಾಲೆಯನ್ನು ಎಲ್ಲರಿಗೂ ಎಟುಕುವಂತೆ ಮಾಡಿತು. ಇಂದಿನ ಹೀಟರುಗಳನ್ನು ಬೇರ್ಪಡಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಅದು ಉಸಿರಾಡುವುದು ಎಲ್ಲಿಂದ, ಹೊಗೆ ಬಿಡುವುದು ಎಲ್ಲಿಗೆ?

ಮೊದಲ ಬಗೆ ಒಳಗಿನ ಗಾಳಿಯನ್ನೇ ಬಳಸಿ ಹೊಗೆಯನ್ನೂ ಒಳಗೇ ಬಿಡುವುದು. ಸಿಲಿಂಡರನ್ನು ಬೆನ್ನಿಗಿಟ್ಟುಕೊಂಡ ಚಕ್ರದ ಪೆಟ್ಟಿಗೆ ಹೀಟರ್ ಈ ಗುಂಪಿನದು. ಎದುರಿನ ಮೂರು ಪಿಂಗಾಣಿ ಬಿಲ್ಲೆಗಳು ಕೆಂಪಗೆ ಕಾದು ನಾಲ್ಕು ಕಿಲೋವ್ಯಾಟ್‌ನಷ್ಟು ಶಾಖ ಕೊಡುತ್ತವೆ. ಕಟ್ಟಡ ಕಟ್ಟುವಲ್ಲಿ ಕಾಣುವ, ಕೊಳವೆಯಾಕಾರದ, ಫ್ಯಾನ್ ಇರುವ 'ಟಾರ್ಪಿಡೊ' ಹೀಟರೂ ಇದೇ ಜಾತಿ, ಹತ್ತರಿಂದ ಮೂವತ್ತು ಕಿಲೋವ್ಯಾಟ್‌ನವು ಸಾಮಾನ್ಯ. ಅಗ್ಗ, ಅಳವಡಿಸುವ ಗೋಜಿಲ್ಲ, ಬಾಡಿಗೆ ಬಿಟ್ಟು ಹೋಗುವಾಗ ಎತ್ತಿಕೊಂಡು ಹೋಗಬಹುದು. ಹೊಸದಾಗಿ ಶುರುವಾದ ಕಾರ್ಯಾಗಾರ ಮೊದಲ ಚಳಿಗಾಲದಲ್ಲಿ ಇದನ್ನೇ ಕೊಳ್ಳುವುದಕ್ಕೆ ಇವೇ ಕಾರಣ. ಆದರೆ ಟಾರ್ಪಿಡೊ ಹೀಟರ್ ಇರುವುದು ಬಯಲಿಗೆ ತೆರೆದ, ಕಟ್ಟುತ್ತಿರುವ ಕಟ್ಟಡಗಳಿಗೆ. ಬಾಗಿಲು ಮುಚ್ಚಿ ಹತ್ತಾರು ಜನ ಕೆಲಸ ಮಾಡುವ ಕಡೆ ಅದಕ್ಕೆ ಜಾಗವಿಲ್ಲ.

ಎರಡನೆಯದು ಒಳಗಿನ ಗಾಳಿಯಲ್ಲಿ ಉರಿದು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವುದು. ಮೂರನೆಯದು ಉರಿಯಲು ಬೇಕಾದ ಗಾಳಿಯನ್ನೂ ಹೊರಗಿನಿಂದಲೇ ಎಳೆದುಕೊಂಡು, ಹೊಗೆಯನ್ನೂ ಹೊರಗೇ ಬಿಡುವ, ಮುಚ್ಚಿದ ಜ್ವಾಲೆಯ ಹೀಟರ್. ಇದರಲ್ಲಿ ಕಾರ್ಯಾಗಾರದ ಗಾಳಿ ಶಾಖವಿನಿಮಯ ಪೆಟ್ಟಿಗೆಯ ಹೊರಮೈಯನ್ನಷ್ಟೇ ಸವರಿ ಬೆಚ್ಚಗಾಗುತ್ತದೆ. ಬೆಂಕಿಗೂ ಒಳಗಿನ ಗಾಳಿಗೂ ಮುಖಾಮುಖಿಯೇ ಇಲ್ಲ. ಚಾವಣಿಗೆ ತೂಗುಬಿಡುವ ಇಂಥ ಹೀಟರುಗಳ ದಕ್ಷತೆ ಸಾಮಾನ್ಯವಾಗಿ ಶೇಕಡ 80ರ ಆಸುಪಾಸು, ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ಶಾಖ ಹಿಂಡುವ ಮಾದರಿಗಳಲ್ಲಿ 90ಕ್ಕೂ ಮೇಲು. ಬೆಲೆ ಹೆಚ್ಚು, ಗೋಡೆ ಕೊರೆಯಲು ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು. ಆದರೂ ಧೂಳು, ಆವಿ, ಫ್ಯಾನು ಮೂರೂ ಇರುವ ಕಾರ್ಯಾಗಾರಕ್ಕೆ ಗ್ಯಾಸ್ ಹೀಟರುಗಳಲ್ಲಿ ತಕ್ಕದ್ದು ಇದೊಂದೇ.

ಗಾಳಿಯನ್ನು ಬಿಸಿಮಾಡದೆ ನೇರ ಮೈಗೇ ಶಾಖ ಹಾಯಿಸುವ ವಿಕಿರಣ ಹೀಟರ್ ಬೇರೆಯೇ ಬಗೆ. ಉದ್ದನೆಯ ಉಕ್ಕಿನ ಕೊಳವೆಯೊಳಗೆ ಜ್ವಾಲೆ ಹಾಯ್ದು ಮೇಲಿನ ಹೊಳಪು ತಗಡು ಶಾಖವನ್ನು ಕೆಳಕ್ಕೆ ತಿರುಗಿಸುತ್ತದೆ. ಸಂಜೆ ಏಳಕ್ಕೆ ಬಂದು ಹತ್ತಕ್ಕೆ ಹೋಗುವ ಸದಸ್ಯರಿಗೆ ಇದು ಹಿತ, ಏಕೆಂದರೆ ಇಡೀ ಗೋದಾಮಿನ ಗಾಳಿ ಬಿಸಿಯಾಗುವವರೆಗೆ ಕಾಯಬೇಕಿಲ್ಲ. ಬಾಗಿಲು ತೆರೆದಾಗ ಶಾಖವೆಲ್ಲ ಓಡಿಹೋಗುವುದೂ ಇಲ್ಲ. ಆದರೆ ಕಾದ ಕೊಳವೆಯ ಕೆಳಗೆ ತಯಾರಕರು ಹೇಳಿದ ಅಂತರದೊಳಗೆ ಏನೂ ಇರಬಾರದು. ಅಟ್ಟ ಕಟ್ಟಿ, ಅದರ ಮೇಲೆ ಹಲಗೆ ಪೇರಿಸುವ ಹಂಬಲ ಎಲ್ಲ ಕಾರ್ಯಾಗಾರಗಳಲ್ಲೂ ಇರುತ್ತದೆ; ವರ್ಷ ಕಳೆದಂತೆ ಹಲಗೆಯ ರಾಶಿ ಹೀಟರಿನತ್ತ ಏರುತ್ತ ಹೋಗುತ್ತದೆ. ಗೋಡೆಯ ಮೇಲೆ ಬಣ್ಣದ ಗೆರೆ ಎಳೆದು 'ಇದರ ಮೇಲೆ ಸಾಮಾನು ಇಡಬಾರದು' ಎಂದು ಬರೆಯುವುದು ಸರಳವೂ ಫಲಕಾರಿಯೂ ಆದ ಕ್ರಮ.

ಎಷ್ಟು ಶಾಖ ಬೇಕು

200 ಚದರ ಮೀಟರ್ ನೆಲ, 5 ಮೀಟರ್ ಎತ್ತರದ ತಗಡಿನ ಗೋದಾಮೊಂದನ್ನು ಎಣಿಸಿಕೊಳ್ಳೋಣ. ಹೊರಗೆ ಸೊನ್ನೆ ಡಿಗ್ರಿ, ಒಳಗೆ 15 ಬೇಕು. ಬರಿಯ ತಗಡಿನ ಚಾವಣಿಯ ಒಂದು ಚದರ ಮೀಟರಿನಿಂದ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 7 ವ್ಯಾಟ್ ಶಾಖ ಸೋರುತ್ತದೆ. ಒಟ್ಟು 21 ಕಿಲೋವ್ಯಾಟ್ ಚಾವಣಿಯಿಂದಲೇ ಹೋಯಿತು. ಸಂದುಗಳಿಂದ ಗಂಟೆಗೆ ಎರಡು ಬಾರಿ ಒಳಗಿನ ಗಾಳಿ ಪೂರ್ತಿ ಬದಲಾದರೆ ಇನ್ನೂ 10 ಕಿಲೋವ್ಯಾಟ್. ಗೋಡೆ, ನೆಲ ಲೆಕ್ಕಕ್ಕೆ ಹಿಡಿಯುವ ಮೊದಲೇ 30 ದಾಟುತ್ತದೆ. ಇದನ್ನು ಪ್ರೊಪೇನಿನಿಂದ ತುಂಬಿಸಿದರೆ 47 ಕೆಜಿಯ ದೊಡ್ಡ ಸಿಲಿಂಡರ್ 20 ಗಂಟೆಯೂ ಬಾಳುವುದಿಲ್ಲ. ಅದೇ ಚಾವಣಿಯ ಕೆಳಗೆ 100 ಮಿಲಿಮೀಟರ್ ದಪ್ಪದ ಖನಿಜ ಉಣ್ಣೆ ಹಾಸಿದರೆ ಚಾವಣಿಯ ನಷ್ಟ 21ರಿಂದ ಒಂದು ಒಂದೂವರೆ ಕಿಲೋವ್ಯಾಟ್‌ಗೆ ಇಳಿಯುತ್ತದೆ. ಹೀಟರ್ ಕೊಳ್ಳುವ ಮೊದಲು ಚಾವಣಿಗೆ ಖರ್ಚು ಮಾಡಬೇಕೆಂಬುದಕ್ಕೆ ಬೇರೆ ವಾದ ಬೇಕಾಗಿಲ್ಲ. ಬಿಸಿಗಾಳಿ ಮೇಲೇರಿ ಚಾವಣಿಯಡಿ ನಿಲ್ಲುವುದರಿಂದ, ನಿಧಾನ ತಿರುಗುವ ದೊಡ್ಡ ಫ್ಯಾನಿನಿಂದ ಅದನ್ನು ಕೆಳಗೆ ತಳ್ಳುವುದೂ ಲಾಭದ ಕೆಲಸ.

ಗಾಳಿ, ಧೂಳು, ನೀರು

ಕಾರ್ಯಾಗಾರದ ಹೀಟರಿನ ನಿಜವಾದ ಕಥೆ ಇಲ್ಲಿದೆ. ಒಂದು ಕೆಜಿ ಪ್ರೊಪೇನ್ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಉರಿದು ಮುಗಿದಾಗ 3 ಕೆಜಿ ಇಂಗಾಲದ ಡೈಆಕ್ಸೈಡ್ ಮತ್ತು 1.6 ಕೆಜಿ ನೀರು ಉಳಿಯುತ್ತದೆ. ಹೊಗೆಕೊಳವೆಯಿಲ್ಲದ ನಾಲ್ಕು ಕಿಲೋವ್ಯಾಟ್ ಪೆಟ್ಟಿಗೆ ಹೀಟರ್ ಗಂಟೆಗೆ 300 ಗ್ರಾಂ ಉರಿಸುತ್ತದೆ. ಎಂಟು ಗಂಟೆಯಲ್ಲಿ ಅದು ಒಳಗಿನ ಗಾಳಿಗೆ ನಾಲ್ಕು ಲೀಟರಿನಷ್ಟು ನೀರು ಸೇರಿಸಿತು. ಈ ತೇವ ಹೋಗಿ ಕೂರುವುದು ಕೋಣೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ವಸ್ತುವಿನ ಮೇಲೆ. ಮರಗೆಲಸದ ಶೆಡ್ಡಿನಲ್ಲಿ ಅಂಥ ವಸ್ತು ಗರಗಸದ ಮೇಜಿನ ಬೀಡುಕಬ್ಬಿಣ, ಲೇತಿನ ಹಾಸು, ಪೆಟ್ಟಿಗೆಯೊಳಗಿನ ಉಳಿಗಳು. ಗಾಳಿ ಬೇಗ ಬಿಸಿಯಾಗುತ್ತದೆ, ಕ್ವಿಂಟಲ್‌ಗಟ್ಟಲೆ ತೂಗುವ ಕಬ್ಬಿಣ ಆಗುವುದಿಲ್ಲ. ಬೆಳಗ್ಗೆ ಹೀಟರ್ ಹಚ್ಚಿದ ಅರ್ಧ ಗಂಟೆಯಲ್ಲಿ ಲೇತಿನ ಮೇಲೆ ಇಬ್ಬನಿ ಕೂತು, ಸಂಜೆಗೆ ಕಂದು ತುಕ್ಕಿನ ಪೊರೆ ಕಾಣುತ್ತದೆ. ಹೀಟರಿನಲ್ಲಿ ಉಳಿಸಿದ ಹಣ ಯಂತ್ರ ಉಜ್ಜುವುದರಲ್ಲಿ, ಎಣ್ಣೆ ಹಚ್ಚುವುದರಲ್ಲಿ, ಕೊನೆಗೆ ಮೇಜು ಮಟ್ಟಮಾಡಿಸುವುದರಲ್ಲಿ ಕರಗುತ್ತದೆ. ಒಣಗಿಸಿಟ್ಟ ಮರ ತೇವ ಹೀರಿ ಉಬ್ಬುವುದು ಇನ್ನೊಂದು ನಷ್ಟ.

ಎರಡನೆಯ ತೊಡಕು ಧೂಳು ಎಳೆಯುವ ಯಂತ್ರದ್ದು. ಮರದ ಪುಡಿ ಶ್ವಾಸಕೋಶಕ್ಕೆ ಹಾನಿಕರ, ದಟ್ಟವಾಗಿ ಹಾರಿದರೆ ಸ್ಫೋಟಕವೂ ಹೌದು. ಹಾಗಾಗಿ ಒಳ್ಳೆಯ ಕಾರ್ಯಾಗಾರಗಳಲ್ಲಿ ಗಂಟೆಗೆ ಒಂದೆರಡು ಸಾವಿರ ಘನ ಮೀಟರ್ ಗಾಳಿ ಎಳೆಯುವ ಯಂತ್ರವಿರುತ್ತದೆ. ಅದು ಗಾಳಿಯನ್ನು ಹೊರಗೆ ಬಿಡುವುದಾದರೆ, ಮೇಲೆ ಹೇಳಿದ ಗೋದಾಮಿನಲ್ಲಿ 2,000 ಘನ ಮೀಟರಿಗೆ 10 ಕಿಲೋವ್ಯಾಟ್ ಶಾಖವೂ ಜೊತೆಗೆ ಹೊರಟಿತು. ಅದಕ್ಕಿಂತ ಕೆಟ್ಟದ್ದು ಮುಂದಿದೆ. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿದ ಕೋಣೆಯಿಂದ ಗಾಳಿ ಎಳೆದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಇಳಿಯುತ್ತದೆ. ಸಾದಾ ಹೊಗೆಕೊಳವೆ ಕೆಲಸ ಮಾಡುವುದು ಬಿಸಿಹೊಗೆಯ ಹಗುರತನದಿಂದ. ಅದರ ಸೆಳೆತ ಐದು ಪ್ಯಾಸ್ಕಲ್ ಆಸುಪಾಸಿನ ನವಿರಾದ ಒತ್ತಡ, ವಾತಾವರಣದ್ದಾದರೋ ಒಂದು ಲಕ್ಷ ಪ್ಯಾಸ್ಕಲ್ ಮೀರಿದ್ದು. ಬಲವಾದ ಫ್ಯಾನು ಆ ಸೆಳೆತವನ್ನು ಸುಲಭವಾಗಿ ಸೋಲಿಸುತ್ತದೆ. ಆಗ ಹೊರಗಿನ ತಂಗಾಳಿ ಹೊಗೆಕೊಳವೆಯಿಂದಲೇ ಒಳಗಿಳಿದು, ಹೊಗೆಯನ್ನು ಕೆಲಸಗಾರರ ಮುಖಕ್ಕೆ ತಳ್ಳುತ್ತದೆ. ಹೀಟರ್ ಸರಿಯಿದೆ, ಧೂಳಿನ ಯಂತ್ರವೂ ಸರಿಯಿದೆ. ಎರಡೂ ಒಟ್ಟಿಗೆ ನಡೆದಾಗ ಮಾತ್ರ ವಿಷ. ಒಂದೊಂದನ್ನೇ ಪರೀಕ್ಷಿಸಿ ಒಪ್ಪಿಗೆ ಕೊಟ್ಟವರಿಗೆ ಇದು ಕಾಣುವುದಿಲ್ಲ. ಪರೀಕ್ಷಿಸುವ ಕ್ರಮ ಹೀಗೆ: ಬಾಗಿಲು ಕಿಟಕಿ ಮುಚ್ಚಿ, ಕಾರ್ಯಾಗಾರದ ಎಲ್ಲ ಎಳೆಫ್ಯಾನುಗಳನ್ನೂ ಒಮ್ಮೆಲೇ ಓಡಿಸಿ, ಹೀಟರ್ ಹಚ್ಚಿ ಕೆಲವು ನಿಮಿಷ ಬಿಟ್ಟು, ಹೊಗೆಕೊಳವೆಯ ಬುಡದ ತೆರಪಿನ ಬಳಿ ಹೊಗೆಕಡ್ಡಿ ಹಿಡಿಯುವುದು. ಊದುಬತ್ತಿಯಾದರೂ ಆದೀತು. ಹೊಗೆ ಒಳಕ್ಕೆ ಸೆಳೆದುಕೊಂಡರೆ ಸರಿ. ಕೋಣೆಯತ್ತ ತಿರುಗಿದರೆ ಹೀಟರನ್ನು ಆ ಕ್ಷಣವೇ ಆರಿಸಬೇಕು. ಈ ಪರೀಕ್ಷೆಯನ್ನು ಥಿನ್ನರ್ ಆವಿಯಾಗಲಿ ಮರದ ಪುಡಿಯಾಗಲಿ ಗಾಳಿಯಲ್ಲಿಲ್ಲದ ಹೊತ್ತಿನಲ್ಲಿ ಮಾಡಬೇಕೆಂದು ಬೇರೆ ಹೇಳಬೇಕಿಲ್ಲ.

ಮೂರನೆಯದು ಆವಿಗಳು. ಥಿನ್ನರ್, ಸ್ಪ್ರೇ ಪೇಂಟ್, ಲ್ಯಾಕರ್‌ಗಳ ಆವಿ ಗಾಳಿಗಿಂತ ಭಾರವಾಗಿ ನೆಲದ ಮೇಲೆ ಹಬ್ಬಿ ದೂರದ ಹೀಟರಿನಲ್ಲಿ ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆಯನ್ನು ಮುಟ್ಟಬಲ್ಲದು. ಅಮೆರಿಕದ ರಾಷ್ಟ್ರೀಯ ಇಂಧನಾನಿಲ ಸಂಹಿತೆ ಗರಾಜುಗಳಲ್ಲಿ ಬೆಂಕಿಯ ಮೂಲ ನೆಲದಿಂದ ಕನಿಷ್ಠ 18 ಇಂಚು ಮೇಲಿರಬೇಕೆಂದು ಹೇಳುವುದರ ಹಿಂದೆ ಇದೇ ಲೆಕ್ಕವಿದೆ. ಹೊತ್ತಿಕೊಳ್ಳದ ದ್ರಾವಕಗಳೂ ನಿರಪಾಯವಲ್ಲ. ಬ್ರೇಕ್ ತೊಳೆಯುವ ಕೆಲವು ಸ್ಪ್ರೇಗಳಲ್ಲಿ, ಪೇಂಟು ಕೀಳುವ ಕೆಲವು ದ್ರವಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕಗಳಿವೆ. ಅವುಗಳ ಆವಿ ಜ್ವಾಲೆ ಹಾದು ಬಂದರೆ ಹೈಡ್ರೊಕ್ಲೋರಿಕ್ ಆಮ್ಲವೂ ಸ್ವಲ್ಪ ಮಟ್ಟಿಗೆ ಫಾಸ್ಜೀನ್ ಎಂಬ ಘೋರ ವಿಷಾನಿಲವೂ ಹುಟ್ಟುತ್ತವೆ. ಆಮ್ಲ ಹೀಟರಿನ ಶಾಖವಿನಿಮಯ ಪೆಟ್ಟಿಗೆಯನ್ನು ತಿಂದು ತೂತು ಮಾಡುತ್ತದೆ, ಆ ತೂತಿನಿಂದ ಹೊಗೆ ಒಳಗೆ ಬರುತ್ತದೆ. ಮುಚ್ಚಿದ ಜ್ವಾಲೆಯ ಹೀಟರ್ ಈ ಮೂರೂ ತೊಡಕುಗಳನ್ನು ಒಂದೇ ಏಟಿಗೆ ತಪ್ಪಿಸುವುದರಿಂದಲೇ ಅದಕ್ಕೆ ಮೇಲೆ ಮೊದಲ ಸ್ಥಾನ ಕೊಟ್ಟದ್ದು. ಹಾಗೆಂದು ಅದಿರುವ ಕೋಣೆಯಲ್ಲಿ ಸ್ಪ್ರೇ ಪೇಂಟ್ ಮಾಡಬಹುದೆಂದಲ್ಲ. ಆ ಕೆಲಸಕ್ಕೆ ಪ್ರತ್ಯೇಕ ಕೋಣೆಯೇ ಬೇಕು.

ಕಾರ್ಬನ್ ಮಾನಾಕ್ಸೈಡ್

ಜ್ವಾಲೆಗೆ ಗಾಳಿ ಸಾಲದಾಗ, ಬರ್ನರಿನಲ್ಲಿ ಧೂಳು ಕಟ್ಟಿಕೊಂಡಾಗ, ಜ್ವಾಲೆ ತಣ್ಣನೆಯ ತಗಡಿಗೆ ತಾಗಿದಾಗ ಇಂಗಾಲ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಬ್ರಿಟಿಷ್ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ತನ್ನ ಮೈಮೇಲೆಯೇ ಪ್ರಯೋಗ ಮಾಡಿ ಇದರ ಪರಿಣಾಮಗಳನ್ನು ದಾಖಲಿಸಿದ; ವಿಷಾನಿಲದ ಮುನ್ಸೂಚನೆಗಾಗಿ ಗಣಿಗಳಿಗೆ ಕ್ಯಾನರಿ ಹಕ್ಕಿ ಒಯ್ಯುವ ಸಲಹೆಯೂ ಅವನದೇ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು 200 ಪಾಲು, ಎಂದರೆ 200 ಪಿಪಿಎಂ, ಇದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು, ಆಯಾಸ. 800 ಪಿಪಿಎಂ ಇದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆಸುತ್ತು, ವಾಕರಿಕೆ, ಎರಡು ಮೂರು ಗಂಟೆಗಳಲ್ಲಿ ಸಾವು. ಒಮ್ಮೆ ರಕ್ತಕ್ಕೆ ಸೇರಿದ್ದು ಶುದ್ಧ ಗಾಳಿಯಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಬೆಂಗಳೂರಿನವರಿಗೆ ಈ ಸಾವು ಅಪರಿಚಿತವಲ್ಲ: ಕಿಟಕಿ ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರ್ ಸ್ನಾನಕ್ಕೆ ಹೋದವರನ್ನು ಬಲಿ ತೆಗೆದುಕೊಂಡ ಸುದ್ದಿ ಮತ್ತೆ ಮತ್ತೆ ಬರುತ್ತದೆ, ಕಾರಣ ಇದೇ ಅನಿಲ.

ಕಾರ್ಯಾಗಾರದಲ್ಲಿ ಅಪಾಯ ಹೆಚ್ಚುವುದು ಲಕ್ಷಣಗಳು ಮರೆಯಾಗುವುದರಿಂದ. ಮೂರು ಗಂಟೆ ಮರ ಉಜ್ಜಿದವರಿಗೆ ತಲೆನೋವು, ಸುಸ್ತು ಸಹಜ. ವಾರ್ನಿಷ್ ವಾಸನೆಗೆ ವಾಕರಿಕೆಯೂ ಸಹಜ. ಒಬ್ಬರು ಮನೆಗೆ ಹೋದರೆ ಸರಿಹೋಗುತ್ತಾರೆ, ನಾಳೆ ಇನ್ನೊಬ್ಬರಿಗೆ ಅದೇ ಆಗುತ್ತದೆ. ಇಬ್ಬರೂ ಪರಸ್ಪರ ಭೇಟಿಯಾಗುವುದೇ ಇಲ್ಲ. ಹಾಗಾಗಿ ಅಲಾರಂ ಕಡ್ಡಾಯ. ಯುರೋಪಿನ ಇಎನ್ 50291 ಮಾನದಂಡದಂತೆ ಅಲಾರಂ 50 ಪಿಪಿಎಂಗೆ 60ರಿಂದ 90 ನಿಮಿಷದಲ್ಲಿ, 100 ಪಿಪಿಎಂಗೆ 10ರಿಂದ 40 ನಿಮಿಷದಲ್ಲಿ, 300 ಪಿಪಿಎಂಗೆ ಮೂರು ನಿಮಿಷದೊಳಗೆ ಕೂಗಬೇಕು. ಅದರ ಸಂವೇದಕಕ್ಕೆ ಆಯುಸ್ಸಿದೆ. ಬೆನ್ನ ಮೇಲಿನ ಮುಕ್ತಾಯದ ದಿನಾಂಕ ದಾಟಿದ ಅಲಾರಂ ಗುಂಡಿ ಒತ್ತಿದಾಗ ಕೂಗಿದರೂ ಅನಿಲವನ್ನು ಗುರುತಿಸೀತೆಂಬ ಭರವಸೆಯಿಲ್ಲ.

ಹೀಟರಿನೊಳಗೇ ಇರುವ ಕಾವಲು ಎರಡು. ಒಂದು, ಪೈಲಟ್ ಜ್ವಾಲೆಯಲ್ಲಿ ತೂರಿಸಿದ ಥರ್ಮೊಕಪಲ್. ಎರಡು ಲೋಹಗಳ ಬೆಸುಗೆ ಕಾದಾಗ ಹುಟ್ಟುವ ಪುಟ್ಟ ವಿದ್ಯುತ್ತು, 1821ರಲ್ಲಿ ಥಾಮಸ್ ಸೀಬೆಕ್ ಕಂಡುಹಿಡಿದ ಪರಿಣಾಮ, ಅನಿಲದ ಕವಾಟವನ್ನು ತೆರೆದಿಡುತ್ತದೆ. ಜ್ವಾಲೆ ಆರಿದರೆ ವಿದ್ಯುತ್ತು ನಿಂತು ಕವಾಟ ತಾನೇ ಮುಚ್ಚುತ್ತದೆ. ಇನ್ನೊಂದು ಆಮ್ಲಜನಕ ಕೊರತೆಯ ಸಂವೇದಕ. ಗಾಳಿಯಲ್ಲಿ ಆಮ್ಲಜನಕ ಶೇಕಡ 21ರಿಂದ 18ರತ್ತ ಇಳಿದಂತೆ ಪೈಲಟ್ ಜ್ವಾಲೆ ಬುಡ ಬಿಟ್ಟು ತೇಲಿ ಥರ್ಮೊಕಪಲ್ಲಿನಿಂದ ದೂರ ಸರಿಯುವಂತೆ ರಚಿಸಿರುತ್ತಾರೆ. ಜಾಣ ಏರ್ಪಾಡು; ಆದರೆ ಅದು ಅಳೆಯುವುದು ಆಮ್ಲಜನಕವನ್ನು, ವಿಷವನ್ನಲ್ಲ. ಮರದ ಪುಡಿ ತುಂಬಿದ ಬರ್ನರ್ ಆಮ್ಲಜನಕ ಸಾಕಷ್ಟಿರುವಾಗಲೂ ಕಾರ್ಬನ್ ಮಾನಾಕ್ಸೈಡ್ ಕಾರಬಲ್ಲದು. ಪೈಲಟ್ ಪದೇ ಪದೇ ಆರುತ್ತಿದ್ದರೆ ಅದು ಎಚ್ಚರಿಕೆ. ಥರ್ಮೊಕಪಲನ್ನು ಬಗ್ಗಿಸಿಯೋ ಗುಂಡಿಯನ್ನು ಟೇಪಿನಿಂದ ಅಂಟಿಸಿಯೋ ಅದನ್ನು ಬಾಯಿ ಮುಚ್ಚಿಸುವುದು ಕೈಗೆಲಸ ಬಲ್ಲವರಿಗೆ ಸುಲಭ, ಅದಕ್ಕೇ ಇಂಥ ಜಾಗಗಳಲ್ಲಿ ಆ ಭಯ ಜಾಸ್ತಿ.

ನ್ಯೂ ಲಂಡನ್ ಶಾಲೆ ಮತ್ತು ಕಾನೂನು

1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬಲ್ಲಿ ಶಾಲೆಯೊಂದು ಸ್ಫೋಟಗೊಂಡು ಮಕ್ಕಳು, ಶಿಕ್ಷಕರು ಸೇರಿ ಸುಮಾರು 300 ಜನ ಸತ್ತರು. ತೈಲ ಬಾವಿಗಳ ನಡುವಿನ ಶ್ರೀಮಂತ ಶಾಲೆಯದು. ವಾಸ್ತುಶಿಲ್ಪಿ ಸೂಚಿಸಿದ ಬಾಯ್ಲರ್ ವ್ಯವಸ್ಥೆಯನ್ನು ಬಿಟ್ಟು ಕಟ್ಟಡದ ತುಂಬ 72 ಗ್ಯಾಸ್ ಹೀಟರುಗಳನ್ನು ಹಾಕಲಾಗಿತ್ತು. ಆ ವರ್ಷದ ಆರಂಭದಲ್ಲಿ ಖರ್ಚು ಉಳಿಸಲೆಂದು ಶಾಲೆ ಹಣ ಕೊಟ್ಟು ಪಡೆಯುತ್ತಿದ್ದ ಅನಿಲ ನಿಲ್ಲಿಸಿ, ತೈಲದಿಂದ ಬೇರ್ಪಟ್ಟು ವ್ಯರ್ಥವಾಗುತ್ತಿದ್ದ ಅನಿಲದ ಕೊಳವೆಗೆ ಜೋಡಣೆ ಮಾಡಿಕೊಂಡಿತು. ಅದಕ್ಕೆ ವಾಸನೆಯಿರಲಿಲ್ಲ. ಸೋರಿದ ಅನಿಲ ನೆಲದಡಿಯ ಟೊಳ್ಳಿನಲ್ಲಿ ತುಂಬಿಕೊಂಡಿತು, ಯಾರಿಗೂ ತಿಳಿಯಲಿಲ್ಲ. ಕೈಗೆಲಸ ಕಲಿಸುವ ಶಿಕ್ಷಕರು ಶಾಲೆಯ ಕಾರ್ಯಾಗಾರದಲ್ಲಿ ಮರ ಉಜ್ಜುವ ವಿದ್ಯುತ್ ಯಂತ್ರದ ಸ್ವಿಚ್ ಹಾಕಿದಾಗ ಹಾರಿದ ಕಿಡಿ ಅದನ್ನು ಹೊತ್ತಿಸಿತೆಂದು ತನಿಖೆ ಕಂಡುಕೊಂಡಿತು. ಹೀಟರ್, ಅಗ್ಗದ ಅನಿಲ, ಪರಿಣತರಿಲ್ಲದ ಜೋಡಣೆ, ಕಾರ್ಯಾಗಾರದ ಸ್ವಿಚ್ಚು: ಸಮುದಾಯ ಕಾರ್ಯಾಗಾರ ನಡೆಸುವ ಪ್ರತಿಯೊಬ್ಬರೂ ಈ ಘಟನೆಯನ್ನು ತಿಳಿದಿರಬೇಕು. ಇದಾದ ವಾರಗಳಲ್ಲೇ ಟೆಕ್ಸಸ್ ಅನಿಲಕ್ಕೆ ದುರ್ವಾಸನೆ ಬೆರೆಸುವುದನ್ನು ಕಡ್ಡಾಯ ಮಾಡಿತು. ಇಂದು ನಮ್ಮ ಸಿಲಿಂಡರಿನಿಂದ ಬರುವ ಈಥೈಲ್ ಮರ್ಕ್ಯಾಪ್ಟನ್ನಿನ ಕೊಳೆತ ವಾಸನೆ ಅಂಥ ಕಟ್ಟಳೆಗಳ ಫಲ.

ಬ್ರಿಟನ್ನಿನಲ್ಲಿ 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ ಒಂದು ಮೂಲೆ ಅನಿಲ ಸ್ಫೋಟದಿಂದ ಕುಸಿದ ಮೇಲೆ ಅನಿಲ ಕೆಲಸಗಾರರ ನೋಂದಣಿ ಶುರುವಾಯಿತು. 2009ರಿಂದ ಅದು ಗ್ಯಾಸ್ ಸೇಫ್ ರಿಜಿಸ್ಟರ್ ಹೆಸರಿನಲ್ಲಿ ನಡೆಯುತ್ತಿದೆ.

ಅಳವಡಿಕೆ

ಸಿಲಿಂಡರುಗಳ ಜಾಗ ಕಟ್ಟಡದ ಹೊರಗೆ, ನೆಟ್ಟಗೆ ನಿಲ್ಲಿಸಿ ಸರಪಳಿ ಬಿಗಿದು, ಚರಂಡಿ ಬಾಯಿ, ನೆಲಮಾಳಿಗೆಯ ಕಿಂಡಿ, ಬಾಗಿಲುಗಳಿಂದ ದೂರ, ಗಾಳಿಯಾಡುವ ಜಾಲರಿಯೊಳಗೆ. ಅಲ್ಲಿಂದ ಒಳಕ್ಕೆ ಗಟ್ಟಿ ಲೋಹದ ಕೊಳವೆ. ರಬ್ಬರ್ ಪೈಪು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು, ಅದರ ಮೇಲೂ ತಯಾರಿಕೆಯ ವರ್ಷ ಅಚ್ಚಾಗಿರುತ್ತದೆ. ರೆಗ್ಯುಲೇಟರ್ ಹೀಟರಿನ ಚೀಟಿಯಲ್ಲಿರುವ ಒತ್ತಡಕ್ಕೇ ಹೊಂದಬೇಕು: ಬ್ರಿಟನ್ನಿನಲ್ಲಿ ಪ್ರೊಪೇನಿಗೆ ಸಾಮಾನ್ಯವಾಗಿ 37 ಮಿಲಿಬಾರ್, ಬ್ಯೂಟೇನಿಗೆ 28. ಕಟ್ಟಡದೊಳಗೆ ಬರುವ ಕಡೆ ಎಲ್ಲರಿಗೂ ಕಾಣುವ, ಬರಿಗೈಯಲ್ಲಿ ತಿರುಗಿಸಬಹುದಾದ ಕವಾಟ ಇರಲೇಬೇಕು. ಕೊಳವೆ ಕೂಡಿಸುವುದು, ಹೊಗೆಕೊಳವೆ ಹಾಕುವುದು, ಮೊದಲ ಬಾರಿ ಒತ್ತಡ ಅಳೆದು ಹಚ್ಚುವುದು ನೋಂದಾಯಿತ ಅನಿಲ ಕೆಲಸಗಾರರ ಹೊಣೆ. ಸಿಲಿಂಡರ್ ಬದಲಿಸಿದಾಗ ಕೂಡಿಸಿದ ಕಡೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡುವುದು ಮಾತ್ರ ತರಬೇತಾದ ಯಾವ ಸದಸ್ಯರೂ ಮಾಡಬಹುದಾದ, ಮಾಡಲೇಬೇಕಾದ ಕೆಲಸ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರು ಇಂದಿಗೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಕಟ್ಟಡದ ಮಾಲೀಕರ, ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಮೊದಲೇ ಪಡೆಯಬೇಕು. ಒಳಗೆ ಸಿಲಿಂಡರ್ ಕಂಡರೆ ವಿಮೆ ಒಪ್ಪದ ಕಂಪನಿಗಳುಂಟು.

ಯಾರ ಹೊಣೆ

ಈ ಕಾರ್ಯಾಗಾರಗಳ ಸೊಗಸು ಯಾರಿಗೆ ಉತ್ಸಾಹವಿದೆಯೋ ಅವರು ಮುಂದೆ ಬಂದು ಮಾಡಲಿ ಎಂಬ ಸ್ವಾತಂತ್ರ್ಯದಲ್ಲಿದೆ. ಕಪಾಟು ಕಟ್ಟಲು, ಯಂತ್ರ ರಿಪೇರಿ ಮಾಡಲು ಅದು ಸರಿ. ಅನಿಲಕ್ಕೆ ಅದು ಹೊಂದುವುದಿಲ್ಲ. ಎಲ್ಲರದೂ ಆದ ಹೀಟರನ್ನು ರಾತ್ರಿ ಆರಿಸುವ ಕೆಲಸ ಯಾರದೂ ಆಗದೆ ಉಳಿಯುವುದು ಸಾಮಾನ್ಯ. ಚೆನ್ನಾಗಿ ನಡೆಯುವ ಕಡೆಗಳಲ್ಲಿ ಹೀಟರಿಗೆ ಹೆಸರಿಸಿ ನೇಮಿಸಿದ ಒಬ್ಬ ಪಾಲಕ, ಅವರಿಲ್ಲದಾಗ ಇನ್ನೊಬ್ಬರು ಇರುತ್ತಾರೆ. ಸಿಲಿಂಡರ್ ತರಿಸುವುದು, ಅಲಾರಂ ಪರೀಕ್ಷೆ, ವಾರ್ಷಿಕ ತಪಾಸಣೆಯ ದಿನ ಗೊತ್ತುಮಾಡುವುದು, ದಾಖಲೆ ಪುಸ್ತಕ ಬರೆಯುವುದು ಅವರ ಪಾಲು. ಹೊಸ ಸದಸ್ಯರಿಗೆ ಗರಗಸ ಕಲಿಸುವ ದಿನವೇ ಅನಿಲದ ಕವಾಟ ಎಲ್ಲಿದೆ, ಅಲಾರಂ ಕೂಗಿದರೆ ಏನು ಮಾಡಬೇಕು ಎಂದು ತೋರಿಸುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೆ ಹೀಟರ್ ಆರಿಸಿ, ಬಾಗಿಲು ತೆರೆದು ಎಲ್ಲರೂ ಹೊರಗೆ. ಗ್ಯಾಸ್ ವಾಸನೆ ಬಂದರೆ ಕವಾಟ ಮುಚ್ಚಿ ಹೊರಗೆ. ವಿದ್ಯುತ್ತಿನ ಯಾವ ಸ್ವಿಚ್ಚನ್ನೂ ಹಾಕುವಂತಿಲ್ಲ, ಆರಿಸುವಂತೆಯೂ ಇಲ್ಲ.

ಹಣದ ವಿಷಯ ಜಗಳ ತರುವಂಥದು. ದಿನವಿಡೀ ಕೂರುವವರು, ವಾರಕ್ಕೊಮ್ಮೆ ಬರುವವರು ಒಂದೇ ಚಂದಾ ಕೊಡುವಾಗ 20 ಡಿಗ್ರಿ ಬೇಕೋ 14 ಸಾಕೋ ಎಂಬ ಚರ್ಚೆ ಮುಗಿಯುವುದಿಲ್ಲ. ನಾಣ್ಯ ಹಾಕಿದರೆ ಉರಿಯುವ ಮೀಟರ್ ಬ್ರಿಟನ್ನಿನ ಹಳೆಯ ಪರಿಹಾರ. ಬಳಸಿದವರು ಕೊಟ್ಟರು ಎಂಬ ನ್ಯಾಯ ಅದರಲ್ಲಿದೆ, ಆದರೆ ನಾಣ್ಯ ಮುಗಿದಾಗ ರಾತ್ರಿಯ ಐದು ಡಿಗ್ರಿಯೂ ಹೋಗುತ್ತದೆ. ಒತ್ತಿದರೆ ಎರಡು ಗಂಟೆ ಉರಿದು ತಾನೇ ಕನಿಷ್ಠ ಮಟ್ಟಕ್ಕೆ ಇಳಿಯುವ ಟೈಮರ್ ಇದಕ್ಕಿಂತ ಒಳ್ಳೆಯದು. ಮರೆವಿನ ಸಮಸ್ಯೆಯೂ ಅದರಲ್ಲಿ ಮುಗಿಯುತ್ತದೆ, ಚಳಿಯಲ್ಲಿ ನಡುಗುತ್ತ ಬಂದ ವಯಸ್ಸಾದ ಸದಸ್ಯರು ಯಾರನ್ನೂ ಕೇಳದೆ ಬೆಚ್ಚಗಾಗಬಹುದು. ಖರ್ಚು ಉಳಿಸಲೆಂದು ಸದಸ್ಯರನ್ನು ಚಳಿಯಲ್ಲಿ ಕೂರಿಸುವ ಕಾರ್ಯಾಗಾರ ಮೊದಲು ಕಳೆದುಕೊಳ್ಳುವುದು ಈ ಹಿರಿಯರನ್ನೇ; ಮೆನ್ಸ್ ಶೆಡ್‌ಗಳು ಹುಟ್ಟಿದ್ದು ಅವರಿಗಾಗಿ.

ವಸಂತದಲ್ಲಿ ಕವಾಟ ಮುಚ್ಚಿ ಪೈಲಟ್ ಆರಿಸುತ್ತಾರೆ. ಬೇಸಗೆಯಲ್ಲಿ ಜೇಡಗಳು ಬರ್ನರಿನ ಗಾಳಿಬಾಯಿಯಲ್ಲಿ ಬಲೆ ಹೆಣೆಯುವುದರಿಂದ, ಅದರ ಮೇಲೆ ಮರದ ಪುಡಿ ಕೂರುವುದರಿಂದ, ಶರತ್ಕಾಲದಲ್ಲಿ ಮತ್ತೆ ಹಚ್ಚುವ ಮೊದಲು ತಪಾಸಣೆ ಮಾಡಿಸುವ ಪದ್ಧತಿಯಿದೆ: ಬರ್ನರ್ ಶುದ್ಧಿ, ಶಾಖವಿನಿಮಯ ಪೆಟ್ಟಿಗೆಯಲ್ಲಿ ಬಿರುಕಿನ ಹುಡುಕಾಟ, ಹೊಗೆಕೊಳವೆಯಲ್ಲಿ ಹಕ್ಕಿಗೂಡು ಇದೆಯೇ ಎಂಬ ನೋಟ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿನ ಅಳತೆ. ಈಚಿನ ವರ್ಷಗಳಲ್ಲಿ ಕೆಲವು ಕಾರ್ಯಾಗಾರಗಳು ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲಿನಷ್ಟು ಶಾಖ ಕೊಡುವ ಹೀಟ್ ಪಂಪಿನತ್ತ ಹೊರಳುತ್ತಿವೆ. ಚಾವಣಿಗೆ ಹೊದಿಕೆ ಹಾಕಿದ, ಬಾಡಿಗೆ ಕರಾರು ದೀರ್ಘವಾಗಿರುವ ಕಟ್ಟಡಗಳಲ್ಲಿ ಅದು ಹೊಂದುತ್ತದೆ. ದಿನಕ್ಕೆ ಹತ್ತು ಬಾರಿ ಲಾರಿಗೆ ಬಾಗಿಲು ತೆರೆಯುವ ತಗಡಿನ ಶೆಡ್ಡುಗಳಲ್ಲಿ ತಲೆಯ ಮೇಲಿನ ಗ್ಯಾಸ್ ವಿಕಿರಣ ಕೊಳವೆಯೇ ಇನ್ನೂ ಬಳಕೆಯಲ್ಲಿದೆ.